ಪೆಟ್ಟಿಗೆಯಲ್ಲಿ ಇಟ್ಟಿಗೆ

ಆಯುಧಪೂಜೆಯ ಬೆಳಿಗ್ಗೆ ಕುಂಬಾರಕೊಪ್ಪಲಿನ ಚನ್ನಬಸವಯ್ಯ ಮಿಂದು, ಹಣೆಗೆ ವಿಭೂತಿ ಧರಿಸಿ, ಕುಂಕುಮದ ಬಟ್ಟಲು ಹಿಡಿದು ತನ್ನ ಕಂಪ್ಯೂಟರಿನ ಪೆಟ್ಟಿಗೆ ತೆರೆದ. ಒಳಗೆ ಕಂಪ್ಯೂಟರ್ ಇರಲಿಲ್ಲ. ಇಟ್ಟಿಗೆ ಇತ್ತು — ಹಳೆಯ ಪೇಪರಿನಲ್ಲಿ ಅಚ್ಚುಕಟ್ಟಾಗಿ ಸುತ್ತಿದ ಇಟ್ಟಿಗೆ.

"ಲೀಲಾ! ಎಲ್ಲಿಟ್ಟೆ?"

ಅಡಿಗೆಮನೆಯ ಒರಳಿನ ಸದ್ದು ನಿಂತಿತು.

"ಏನನ್ನ?"

"ನನ್ನ ಕಂಪ್ಯೂಟರ್‌ನ!"

ಪ್ರೇಮಲೀಲಾ ಚಟ್ನಿಯ ಕೈಯಲ್ಲೇ ಬಾಗಿಲಿಗೆ ಬಂದಳು. ಹೈಸ್ಕೂಲು ಟೀಚರು; ಚೀಟಿ ಬಚ್ಚಿಟ್ಟ ಹುಡುಗನನ್ನು ಅವನು ಕೂತ ಭಂಗಿಯಲ್ಲೇ ಹಿಡಿಯುತ್ತಿದ್ದವಳು. ಗಂಡನ ಭಂಗಿಯನ್ನೂ ಒಮ್ಮೆ ನೋಡಿದಳು.

"ಅಂದ್ರೆ, ನಾನು ಕದ್ದೆ ಅಂತೀರಾ?"

ಅನ್ನುವುದಕ್ಕೆ ಕಾರಣವಿತ್ತು. ಮಿಕ್ಸಿ ಸುಟ್ಟುಹೋಗಿತ್ತು. ಹೊಸದಕ್ಕೆಂದು ಅವಳು ಕೂಡಿಟ್ಟದ್ದನ್ನು ಚನ್ನಬಸವಯ್ಯ ಉದಯಗಿರಿಯ ಗುಜರಿ ಅಂಗಡಿಯಲ್ಲಿ ಸುರಿದು ಬಂದಿದ್ದ. ತಂದದ್ದಾದರೂ ಏನು? ಎಂಬತ್ತರ ದಶಕದ ಮನೆ ಕಂಪ್ಯೂಟರ್. ಪಂಚಾಂಗದಷ್ಟು ಗಾತ್ರ, ರಬ್ಬರಿನ ಗುಂಡಿಗಳು. ಪರದೆಯಿಲ್ಲ, ಟಿವಿಗೆ ಸಿಕ್ಕಿಸಬೇಕು; ಆಟ ಬೇಕಾದರೆ ಟೇಪ್ ರೆಕಾರ್ಡರಿನಲ್ಲಿ ಕ್ಯಾಸೆಟ್ ಓಡಿಸಬೇಕು. ಎರಡು ಸಾವಿರದ ಎರಡನೇ ಇಸವಿಯಲ್ಲಿ, ಬೀದಿಗೊಂದು ಸೈಬರ್ ಕೆಫೆ ತೆರೆದಿರುವಾಗ! ಪ್ರೇಮಲೀಲಾ ಅದನ್ನು 'ನಿಮ್ಮ ಎರಡನೆಯವಳು' ಎಂದೇ ಕರೆಯುತ್ತಿದ್ದಳು.

ಚನ್ನಬಸವಯ್ಯನಿಗೆ ಅದು ಬರೀ ಯಂತ್ರವಲ್ಲ. ಕುವೆಂಪುನಗರದ ನಂಜುಂಡಯ್ಯ ಅವನಿಗೆ ಕಾಲೇಜಿನಿಂದ ಗೆಳೆಯ. ಎಲ್ಲವೂ ಮೊದಲು ನಂಜುಂಡಯ್ಯನಿಗೇ — ಕಾರು, ಸಿಡಿ ಪ್ಲೇಯರ್, ಕ್ಯಾಮೆರಾ. ತಾತ ಅರಮನೆಯ ನೌಕರಿಯಲ್ಲಿದ್ದರೆಂಬ ಗತ್ತು ಬೇರೆ. ಈ ಕಂಪ್ಯೂಟರನ್ನೂ ಮೊದಲು ಕಂಡವನು ಅವನೇ. "ಇದನ್ನ ಇನ್ಯಾರು ಕೊಳ್ತಾರೆ? ಮುಂದಿನ ವಾರ ಅಂಗಡಿಯವನೇ ಕೂಗಿ ಕೊಡ್ತಾನೆ" ಎಂದು ಚೌಕಾಸಿ ಅರ್ಧಕ್ಕೇ ಬಿಟ್ಟು ಎದ್ದುಬಂದ. ಅದೇ ಸಂಜೆ ಚನ್ನಬಸವಯ್ಯ ಕೊಂಡುಕೊಂಡ. ಜೀವಮಾನದಲ್ಲಿ ಮೊದಲ ಸಲ ನಂಜುಂಡಯ್ಯನ ಮುಖ ಸಪ್ಪಗಾಯಿತು. ಆ ಸಪ್ಪೆ ಮುಖವನ್ನು ಚನ್ನಬಸವಯ್ಯ ಬೆಳ್ಳಿಲೋಟದ ಹಾಗೆ ಮನಸ್ಸಿನಲ್ಲಿ ಉಜ್ಜಿಉಜ್ಜಿ ಇಟ್ಟುಕೊಂಡಿದ್ದ.

"ಕೊನೇಲಿ ನೋಡಿದ್ದು ಯಾವಾಗ?" ಪ್ರೇಮಲೀಲಾ ಕೈ ತೊಳೆದು ಬಂದು ಕೂತಳು.

"ಮೊನ್ನೆ. ಕ್ಯಾಸೆಟ್ ಹಾಕಿದ್ರೆ ಆಟ ಬರ್ಲಿಲ್ಲ, ಟಿವಿ ತುಂಬ ಬರೀ ಪಟ್ಟೆ. ಬೇಜಾರಾಗಿ ಮುಚ್ಚಿಟ್ಬುಟ್ಟೆ."

"ಆವಾಗ ಯಾರಿದ್ರು?"

"ವೈರ್ ನೋಡೋಕೆ ಮಹದೇವು ಬಂದಿದ್ದ. ನಂಜುಂಡ ಇದ್ದ, ಕ್ಯಾಮೆರಾ ಬ್ಯಾಗ್ ನೇತಾಕ್ಕೊಂಡು — ದಸರಾ ಫೋಟೊ ತೆಗೀತೀನಿ ಅಂತ. ನಾನು ಮಹದೇವೂನ ಗೇಟ್‌ವರೆಗೆ ಬಿಟ್ಟು ಬಂದೆ. ಮತ್ತೆ... ನೀನು."

"ಹೂಂ. ಏಳಿ. ಸ್ಕೂಟರ್ ತೆಗೀರಿ."

ಉದಯಗಿರಿಯಲ್ಲಿ ಟಿವಿ ರಿಪೇರಿಯ ಮಹದೇವು ಸ್ಕ್ರೂಡ್ರೈವರುಗಳಿಗೆ ಹೂ ಮುಡಿಸುತ್ತಿದ್ದ.

"ನಾನ್ಯಾಕೆ ಕದೀಲಿ ಸಾರ್? ಗುಜರೀಲಿ ವರ್ಸದಿಂದ ನನ್ ಕಣ್ಮುಂದೇನೇ ಬಿದ್ದಿತ್ತು. ಬೇಕಿದ್ರೆ ಆವತ್ತೇ ತಕತಿದ್ದೆ."

"ಅದು ಯಾಕಪ್ಪ ಓಡ್ಲಿಲ್ಲ?" ಪ್ರೇಮಲೀಲಾ ಕೇಳಿದಳು.

"ಇವರ ಟೇಪ್ ರೆಕಾರ್ಡರ್ ದಂಡ ಮೇಡಂ. ಕ್ಯಾಸೆಟ್ಟಲ್ಲಿರೋದು ಹಾಡಲ್ಲ, ಬರೀ ಕಿರ್ರ್ ಅಂತ ಸದ್ದು. ಅದು ನೆಟ್ಟಗೆ ಓಡಿದ್ರೆ ಕಂಪ್ಯೂಟರ್‌ಗೆ ಅರ್ಥ ಆಯ್ತದೆ. ಬೇರೆ ರೆಕಾರ್ಡರ್ ತನ್ನಿ ಅಂದೆ. ಸ್ಪೀಕರ್ ಹೋಗಿದ್ರೂ ಪರ್ವಾಗಿಲ್ಲ, ಇಯರ್‌ಫೋನ್ ತೂತಿಂದ ವೈರಲ್ಲಿ ಹೋಯ್ತದೆ. ಸಾರ್‌ಗೂ ಅವರ ಫ್ರೆಂಡ್‌ಗೂ ಅವತ್ತೇ ಹೇಳಿದ್ನಲ್ಲ?"

ಕುವೆಂಪುನಗರದಲ್ಲಿ ಕಾರಿನ ಚಕ್ರದಡಿ ನಿಂಬೆಹಣ್ಣು ಅಪ್ಪಚ್ಚಿಯಾಗಿತ್ತು.

"ಕಳುವಾಯ್ತೇ? ಛೆ, ಛೆ!" ನಂಜುಂಡಯ್ಯ ಮರುಗಿದ. ಆ ಮರುಕದಲ್ಲಿ ಒಂದು ಚಮಚ ಸಕ್ಕರೆ ಹೆಚ್ಚಾಗಿದೆ ಎಂದು ಚನ್ನಬಸವಯ್ಯನಿಗೆ ಅನ್ನಿಸಿತು. "ಕೂತ್ಕೊಳ್ಳಿ. ಪಾಯಸ ತಗೊಳ್ಳಿ."

ನಡುಮನೆಯಲ್ಲಿ ಸಾಲಾಗಿ ಪೂಜೆ: ಪರದೆ ಇಳಿಬಿಟ್ಟ ಸ್ಟ್ಯಾಂಡಿನ ಮೇಲೆ ಟಿವಿ, ಸಿಡಿ ಪ್ಲೇಯರ್, ಕ್ಯಾಮೆರಾ, ಹೊಸ ಮಿಕ್ಸಿ, ಒಂದು ಹಳೆಯ ಟೇಪ್ ರೆಕಾರ್ಡರ್. ಎಲ್ಲಕ್ಕೂ ಕುಂಕುಮ, ಎಲ್ಲದರ ತಲೆಗೂ ಚೆಂಡುಹೂ. ಚನ್ನಬಸವಯ್ಯ ಮಿಕ್ಸಿ ನೋಡಿ ಹೊಟ್ಟೆ ಉರಿಸಿಕೊಂಡ. ಪ್ರೇಮಲೀಲಾ ಪಕ್ಕದ್ದನ್ನು ನೋಡಿದಳು.

"ಟೇಪ್ ರೆಕಾರ್ಡರ್ ಇನ್ನೂ ಹಾಡತ್ತಾ, ಚೂಡಾಮಣಿ?"

"ಎಲ್ಲಿ ಹಾಡತ್ತೆ!" ನಂಜುಂಡಯ್ಯನ ಹೆಂಡತಿ ಪಾಯಸ ಬಡಿಸುತ್ತಾ ನಕ್ಕಳು. "ಸ್ಪೀಕರ್ ಇಲಿ ತಿಂದು ಕಾಲವಾಯ್ತು. ಅಟ್ಟದಲ್ಲಿ ಬಿದ್ದಿತ್ತು, ಇವರೇ ಇಳಿಸಿ ಹೂ ಇಟ್ಟಿದ್ದಾರೆ."

"ಅಪ್ಪ ತಂದದ್ದು," ಎಂದ ನಂಜುಂಡಯ್ಯ. "ಒಂದು ಗೌರವ."

ಪ್ರೇಮಲೀಲಾ ಪಾಯಸ ಮುಗಿಸಿ ಲೋಟ ಕೆಳಗಿಟ್ಟಳು.

"ಟಿವಿ ಸ್ಟ್ಯಾಂಡಿನ ಕೆಳಗಿನ ಪರದೆ ಸ್ವಲ್ಪ ಸರಿಸ್ತೀರಾ?"

ನಂಜುಂಡಯ್ಯ ತಟ್ಟನೆ ಎದ್ದು ನಿಂತ.

"ಯಾ... ಯಾಕೆ?"

"ನಮ್ಮನೇಲೊಂದು ಸತ್ತ ಮಿಕ್ಸಿ ಇದೆ. ಇವತ್ತು ಕತ್ತರಿ, ಮೆಟ್ಟುಗತ್ತಿ, ಸ್ಕೂಟರ್ — ಎಲ್ಲಕ್ಕೂ ಕುಂಕುಮ ಇಟ್ಟೆ. ಮಿಕ್ಸಿಗೆ ಕೈಯೇ ಬರ್ಲಿಲ್ಲ. ದುಡಿಯೋದಕ್ಕಲ್ವಾ ಆಯುಧಪೂಜೆ? ನೀವು ಮೂಕ ಟೇಪ್ ರೆಕಾರ್ಡರ್‌ಗೆ ಇಟ್ಟಿದ್ದೀರಿ. ಅಂದ್ರೆ ಅದು ಈ ಮನೇಲಿ ದುಡೀತಿದೆ. ಬಾಯಿಲ್ಲದ ರೆಕಾರ್ಡರ್ ಮಾಡೋ ಕೆಲಸ ಒಂದೇ — ಮಹದೇವು ನಿಮ್ಮೆದುರಿಗೇ ಹೇಳಿದ್ದು. ಕ್ಯಾಮೆರಾ ಬ್ಯಾಗಲ್ಲಿ ಇಟ್ಟಿಗೆ ಬಂತು, ಇವರು ಗೇಟಿನ ಹತ್ರ ಇದ್ದಾಗ ಕಂಪ್ಯೂಟರ್ ಹೋಯ್ತು. ಕದ್ದೋರು ನೀವೇ, ನಂಜುಂಡಯ್ಯನವರೇ."

ಪರದೆಯನ್ನು ಚೂಡಾಮಣಿಯೇ ಎಳೆದಳು. ಒಳಗೆ ಕಂಪ್ಯೂಟರ್. ರಬ್ಬರ್ ಗುಂಡಿಗಳ ನಡುವೆ ಕುಂಕುಮ, ಮೇಲೊಂದು ಚೆಂಡುಹೂ.

"ಇವತ್ತಿನ ದಿನ ಪೂಜೆ ತಪ್ಪಿಸಿದ್ರೆ ಪಾಪ ಅಲ್ವೇನ್ರೀ?" ನಂಜುಂಡಯ್ಯ ಗೊಣಗಿದ. "ಮೊದಲು ನೋಡಿದ್ದು ನಾನು... ಇವನ ಕೈಯಲ್ಲಿ ಅದನ್ನ ನೋಡೋಕಾಗ್ಲಿಲ್ಲ."

ಚನ್ನಬಸವಯ್ಯ ಕಿರುಚಬೇಕಿತ್ತು. ಬಾಯಿಂದ ಬಂದದ್ದು ಬೇರೆ.

"ಓಡ್ತಾ?"

"ಮೊದಲನೇ ಸಲಕ್ಕೇ."

ಕಳವಿಗಿಂತ ಅದು ಹೆಚ್ಚು ಉರಿಯಿತು.

ತೀರ್ಪು ಹೇಳಿದವಳು ಪ್ರೇಮಲೀಲಾ: ಕಂಪ್ಯೂಟರಿನಲ್ಲಿ ಅರ್ಧ ಪಾಲು ನಂಜುಂಡಯ್ಯನಿಗೆ. ಒಂದು ವಾರ ಅಲ್ಲಿ, ಒಂದು ವಾರ ಇಲ್ಲಿ. ಅರ್ಧಕ್ಕೆ ಬೆಲೆ — ಒಂದು ಹೊಸ ಮಿಕ್ಸಿ.

"ನನ್ನದನ್ನ ಮಾರೋಕೆ ನೀನ್ಯಾರು?" ಚನ್ನಬಸವಯ್ಯ ಎದ್ದೇಬಿಟ್ಟ.

"ನನ್ನ ಮಿಕ್ಸಿ ಹಣದಲ್ಲಿ ತಂದದ್ದು ಕಣ್ರೀ. ಅದೂ ಅಲ್ದೆ, ಬೆಳಿಗ್ಗೆ ಮೊದಲು ಯಾರ ಹೆಸರು ಬಂತು ನಿಮ್ಮ ಬಾಯಲ್ಲಿ?"

ಅವನು ಕೂತ.

ಮುಂದಿನ ಭಾನುವಾರ ಕಂಪ್ಯೂಟರ್ ಕುವೆಂಪುನಗರದಲ್ಲಿತ್ತು. ಚನ್ನಬಸವಯ್ಯ ಅಡಿಗೆಮನೆಯ ಬಾಗಿಲಿಗೊರಗಿ ಕೇಳಿದ:

"ಲೀಲಾ, ಈಗ ಅಲ್ಲಿ ಓಡ್ತಾ ಇರತ್ತೆ ಅಂತೀಯಾ?"

ಪ್ರೇಮಲೀಲಾ ಕುಂಕುಮವಿಟ್ಟ ಹೊಸ ಮಿಕ್ಸಿಯ ಗುಂಡಿ ತಿರುಗಿಸಿದಳು. ಅವಳೇನಾದರೂ ಉತ್ತರ ಕೊಟ್ಟಿದ್ದರೆ ಅದು ಅವನಿಗೆ ಕೇಳಿಸಲಿಲ್ಲ.