ಕಿವಿಯಿಲ್ಲದ ಕ್ಯಾಮೆರಾ

"ಯಾರ್ರೀ ನೀವು? ಪಾಠ ನಡೀತಿರೋದು ಕಾಣಲ್ವಾ?"

ಏಣಿ ಹಿಡಿದು ಒಳನುಗ್ಗಿದವನು ಬೆಚ್ಚಿ ನಿಂತ.

"ಮಾಧವ ಅಂತ ಮೇಡಂ, ಹೊಸ ಕಂಪ್ಯೂಟರ್ ಮೇಷ್ಟ್ರು. ಇಲ್ಲಿ ಕ್ಯಾಮೆರಾ ಹಾಕ್ಬೇಕಂತೆ..."

ಬೋಗಾದಿಯ ಆ ಖಾಸಗಿ ಶಾಲೆಯ ಸಂಗೀತ ಟೀಚರ್ ಶಿಲ್ಪಶ್ರೀ ತಲೆಯೆತ್ತಿ ಗೋಡೆ ನೋಡಿದಳು. ಇನ್ನು ಗೋಡೆಯಿಂದಲೂ ಒಂದು ಕಣ್ಣು!

ಎರಡನೇ ಕ್ಲಾಸಿನ ಮಕ್ಕಳಿಗೆ ಅವಳು ಶಿಸ್ತು ಕಲಿಸಿದ್ದು ಆಟದಿಂದ. ತಾಳ ನಡೆಯುವಷ್ಟು ಹೊತ್ತು ಎಲ್ಲರೂ ಹೊಳೆ... ಓಡಬಹುದು, ಉರುಳಬಹುದು. ಟೀಚರ್ ಮುಷ್ಟಿ ಮುಚ್ಚಿದರೆ ಎಲ್ಲರೂ ಬಂಡೆ! ತಮ್ಮ ಸರದಿ ಬರುವವರೆಗೆ ಗೆಜ್ಜೆ, ಕಂಜಿರ ಮುಟ್ಟುವಂತಿಲ್ಲ.

ಆದರೆ ಮಾಧವ ಹಾಕಿಹೋದ ಕ್ಯಾಮೆರಾಕ್ಕೆ ಕಣ್ಣಿತ್ತು, ಕಿವಿಯಿರಲಿಲ್ಲ. ಓಟ ಕಾಣುತ್ತಿತ್ತು, ತಾಳ ಕೇಳುತ್ತಿರಲಿಲ್ಲ.

ದಿನ ಕಳೆದಂತೆ ಸ್ಟಾಫ್ ರೂಮಿನಲ್ಲಿ ಮಾಧವನ ಸಂಕೋಚದ ನಗು ಅವಳಿಗೆ ಇಷ್ಟವಾಗತೊಡಗಿತು. ಅಷ್ಟರಲ್ಲಿ ಶಾಲೆಯ ಕಾರ್ಯದರ್ಶಿ ವೃಷಭೇಂದ್ರಪ್ಪನವರು ಅವಳನ್ನು ಕರೆಸಿದರು.

"ಏನಮ್ಮ ಇದು, ಕ್ಲಾಸಾ ಸಂತೆನಾ? ಮಾಧವ ಸ್ಕ್ರೀನಲ್ಲಿ ತೋರಿಸ್ದ, ನೋಡ್ದೆ. ನಾಳೆ ನಾನೇ ಬರ್ತೀನಿ. ಮೇಜಿನ ಮೇಲೆ ಬೆತ್ತ ಇರ್ಬೇಕು. ಇಲ್ದಿದ್ರೆ ನೀನಿರಲ್ಲ!"

ಮಕ್ಕಳು ನಡುಗಿದರೆ ಅದನ್ನೇ ಶಿಸ್ತು ಅನ್ನುವ ಜನ! ಚಿಕ್ಕಂದಿನಲ್ಲಿ ಸ್ವರ ತಪ್ಪಿದ್ದಕ್ಕೆ ಬೆರಳ ಗೆಣ್ಣಿಗೆ ಬಿದ್ದ ಏಟು ಅವಳಿಗೆ ಇಂದಿಗೂ ನೋಯುತ್ತಿತ್ತು.

ಮೆಟ್ಟಿಲ ಬಳಿ ಮಾಧವನನ್ನು ತಡೆದಳು.

"ನೀವೇ ತೋರಿಸಿದ್ರಾ?"

"ಹೌದು... ಆದ್ರೆ ಮೇಡಂ..."

"ಸಾಕು!"

ಮರುದಿನ ಅವಳ ಮೇಜಿನ ಮೇಲೆ ಬೆತ್ತವಿರಲಿಲ್ಲ. ವೃಷಭೇಂದ್ರಪ್ಪನವರೇ ತಂದಿದ್ದರು. ಮಕ್ಕಳು ಗೋಡೆಗೆ ಅಂಟಿಕೊಂಡರು. ಪುಟ್ಟ ಸಿಂಚನ ಅವಳ ಸೆರಗು ಜಗ್ಗಿದಳು.

"ಮಿಸ್, ಹೊಡೀತಾರಾ?"

ಶಿಲ್ಪಶ್ರೀಗೆ ತಾಳ ಹಾಕಲು ಕೈಯೇ ಏಳಲಿಲ್ಲ. 'ಇವತ್ತಿಗೆ ಮುಗೀತು...'

ಆಗ ಬಾಗಿಲಲ್ಲಿ ಚಪ್ಪಾಳೆ!

ಮಾಧವ ಬೆರಳು ಮಡಚುತ್ತಾ ಆದಿತಾಳ ಹಾಕುತ್ತಿದ್ದ. ಅವನ ತಾಳ ಒಮ್ಮೆ ಓಡುತ್ತಿತ್ತು, ಒಮ್ಮೆ ಮುಗ್ಗರಿಸುತ್ತಿತ್ತು.

"ಮಿಸ್, ಸಾರ್‌ಗೆ ತಾಳಾನೇ ಬರಲ್ಲ!" ಸಿಂಚನ ಕಿಸಕ್ಕನೆ ನಕ್ಕಳು. ಕ್ಲಾಸೆಲ್ಲ ನಕ್ಕಿತು.

ಶಿಲ್ಪಶ್ರೀಯ ಕೈ ತಾನಾಗಿ ಎದ್ದು ಆ ತಾಳವನ್ನು ಸರಿಮಾಡಿತು. ಮಕ್ಕಳು ಹೊಳೆಯಾಗಿ ಹರಿದರು. ಗದ್ದಲ, ಕೇಕೆ!

"ಏಯ್!" ವೃಷಭೇಂದ್ರಪ್ಪ ಬೆತ್ತ ಎತ್ತಿದರು.

ಅವಳು ಮುಷ್ಟಿ ಮುಚ್ಚಿದಳು.

ಮೌನ... ಒಂದು ಗೆಜ್ಜೆಯೂ ಮಿಸುಕಲಿಲ್ಲ. ಎತ್ತಿದ ಬೆತ್ತ ಮಾತ್ರ ಅಲ್ಲಾಡುತ್ತಿತ್ತು.

"ಬೆತ್ತ ಇಳಿಸಿ ಸಾರ್," ಮುಷ್ಟಿ ಬಿಚ್ಚದೆಯೇ ಅಂದಳು. "ಮಕ್ಕಳು ಸುಮ್ನೇ ಇದಾರೆ."

ಅವರು ಬೆತ್ತವನ್ನು ಕಂಕುಳಿಗೆ ಸಿಕ್ಕಿಸಿಕೊಂಡರು. "ಇರು, ಇನ್ನೊಂದ್ಸಲ ಬರ್ತೀನಿ," ಅಂದು ಹೊರಟುಹೋದರು.

ಕೆಲಸ ಉಳಿಯಿತು. ಭಯವೂ ಪೂರ್ತಿ ಹೋಗಲಿಲ್ಲ.

ಮಕ್ಕಳು ಹೋದ ಮೇಲೂ ಮಾಧವ ಹೊಸ್ತಿಲಾಚೆಯೇ ನಿಂತಿದ್ದ.

"ನಿಮ್ಮ ಒಂದು ಮುಷ್ಟಿಗೆ ಮಕ್ಕಳೆಲ್ಲ ಹೇಗೆ ನಿಲ್ತಾರೆ ಅಂತ ತೋರಿಸೋಕೆ ಹೋದೆ. ಅವ್ರಿಗೆ ಓಡಿದ್ದಷ್ಟೇ ಕಾಣಿಸ್ತು..."

"ತಾಳ ಎಲ್ಲಿ ಕಲಿತ್ರಿ?"

"ಸ್ಕ್ರೀನಲ್ಲಿ ನಿಮ್ಮ ಕೈ ನೋಡ್ಕೊಂಡು. ಅದು ಆಗಾಗ ನಿಂತು ನಿಂತು ಓಡುತ್ತೆ." ತಲೆ ತಗ್ಗಿಸಿದ. "ಕೆಲಸ ಮುಗಿದ ಮೇಲೂ ನಿಮ್ಮನ್ನೇ ನೋಡ್ತಿದ್ದೆ. ತಪ್ಪು ಕಣ್ರೀ. ಇನ್ಮೇಲೆ ಆ ಸ್ಕ್ರೀನ್ ಮುಂದೆ ಕೂರಲ್ಲ ಅಂತ ಕಾರ್ಯದರ್ಶಿಗಳಿಗೆ ಬೆಳಿಗ್ಗೇನೇ ಹೇಳಿದೀನಿ. ನೀವಂದ್ರೆ... ನಂಗೆ ತುಂಬಾ ಇಷ್ಟ."

"ನೋಡೋರು ಕೇಳಿ ನೋಡ್ಬೇಕು," ಅಂದಳು ಕಟುವಾಗಿ. ಕಣ್ಣು ಮಾತ್ರ ತುಂಬಿತ್ತು. "ನಾಳೆ ಬನ್ನಿ. ಮಕ್ಕಳ ಜೊತೆ ಕೂತು ಕಲೀರಿ."

"ನಂಗೆ ಹಾಡೋಕೆ ಬರಲ್ಲ. ತಪ್ಪಿದ್ರೆ?"

"ತಪ್ಪಲಿ ಬಿಡಿ... ಇಲ್ಲಿ ಯಾರೂ ಹೊಡೆಯಲ್ಲ."