ಮೂವತ್ತೇಳು ಸಿಟ್ಟಿನ ಮುಖಗಳು

ಬದುಕಿರುವವನ ಮೇಲೆ ಹೊಟ್ಟೆಕಿಚ್ಚು ಪಟ್ಟರೆ ಜಗಳವಾದರೂ ಆಡಬಹುದು. ಮೊಬೈಲ್ ರಿಪೇರಿಯವನಿಗೆ ಆ ಭಾಗ್ಯವೂ ಇರಲಿಲ್ಲ. ಅವನ ಎದುರಾಳಿ ತೀರಿಕೊಂಡು ಮೂರು ವರ್ಷವಾಗಿತ್ತು.

ಕೂದಲಿಗಿಂತ ಸಣ್ಣ ತಂತಿಯನ್ನೂ ಹಿಡಿಯುತ್ತಾನೆಂದು ಬೀದಿಯವರೆಲ್ಲ ಅವನನ್ನು ಚಿಮಟ ಎನ್ನುತ್ತಿದ್ದರು. ಬೇಕೆಂದರೆ ಸೊಳ್ಳೆಗೂ ಹಲ್ಲು ಕಟ್ಟಿಕೊಟ್ಟಾನು! ಎದುರಂಗಡಿಯ ಟೈಲರ್ ಮೇಡಂ ಒಂದು ದಿನ ತೀರಿಹೋದ ಗಂಡನ ಒಡೆದ ಫೋನ್ ತಂದು ಕೌಂಟರ್ ಮೇಲಿಟ್ಟಳು.

“ಇದ್ರಲ್ಲಿರೋ ವಿಡಿಯೋ ಎಲ್ಲಾ ಅವ್ರ ಪೇಜಿಗೆ ಹಾಕ್ಬೇಕು. ಆಮೇಲೆ ಯಾರೂ ಬದಲಾಯಿಸದ ಹಾಗೆ ಅದನ್ನ ನೆನಪಿನ ಪುಟ ಮಾಡಿಸ್ಬಿಡ್ತೀನಿ. ನಮ್ಮತ್ತೆಗೆ ದಿನಾ ಮಗನ ದನಿ ಕೇಳ್ಬೇಕಂತೆ.”

ಒಂದೇ ಮಧ್ಯಾಹ್ನದ ಕೆಲಸ. ಚಿಮಟ ಅದನ್ನು ಎರಡು ತಿಂಗಳು ಎಳೆದ. ದಿನಕ್ಕೆ ಐದೇ ವಿಡಿಯೋ. ಅವಳು ಕೊರಳಿಗೆ ಅಳತೆ ಟೇಪು ನೇತುಹಾಕಿಕೊಂಡೇ ಬಂದು, ಪಕ್ಕದ ಸ್ಟೂಲಿನಲ್ಲಿ ಕೂತು ನೋಡುವಳು. ಇವನು ಅವಳು ನೋಡುವುದನ್ನು ನೋಡುವನು.

ಗಂಡ ಬಸ್ ಡ್ರೈವರ್ ಆಗಿದ್ದ. ಅವನ ಮೀಸೆಯ ಮೇಲೆ ಎರಡು ಗುಬ್ಬಿ ಗೂಡು ಕಟ್ಟಿ ಸಂಸಾರ ಹೂಡಬಹುದಿತ್ತು. ಟೈರ್ ಬಿಚ್ಚುವ ವಿಡಿಯೋಗಳನ್ನು ಚಿಮಟ ಹೇಗೋ ಸಹಿಸಿದ. ಆದರೆ ಅವನು “ನನ್ನ ರಾಣಿ” ಎಂದು ಕರೆದಾಗಲೆಲ್ಲ ಸ್ಕ್ರೀನಿನಲ್ಲೂ ಪಕ್ಕದ ಸ್ಟೂಲಿನಲ್ಲೂ ಒಂದೇ ನಗು ಅರಳುತ್ತಿತ್ತು. ಚಿಮಟನ ಹೊಟ್ಟೆಯೊಳಗೆ ಸೋಲ್ಡರಿಂಗ್ ರಾಡ್ ಕಾಯುತ್ತಿತ್ತು.

ಅಳಿಸಿಹಾಕುವಷ್ಟು ಪಾಪಿಯಲ್ಲ ಅವನು. ಅವಳು ಎದ್ದು ಹೋದ ಮೇಲೆ ತನ್ನ ಫೋನಿನಿಂದ ಅಂಥ ವಿಡಿಯೋಗಳಿಗೆಲ್ಲ ಒಂದೊಂದು ಕೆಂಪು ಸಿಟ್ಟಿನ ಮುಖ ಒತ್ತಿದ. ಸತ್ತವನ ಪೇಜು, ಯಾರು ನೋಡುತ್ತಾರೆ?

ಪೇಜು ನಡೆಸುತ್ತಿದ್ದವಳು ಅವಳೇ. ಒತ್ತಿದ್ದೆಲ್ಲ ಅವಳ ಫೋನಿನಲ್ಲಿ ಟಿಣ್ ಎನ್ನುತ್ತಿತ್ತು. ಬೀದಿಯ ಫೋನುಗಳ ಕರುಳೆಲ್ಲ ಬಲ್ಲವನಿಗೆ ಇದೊಂದು ಹೊಳೆದಿರಲಿಲ್ಲ.

ಕೊನೆಯ ದಿನ ಅವಳು ಟೇಪನ್ನು ಕೌಂಟರ್ ಮೇಲೆ ಪಟ್ಟನೆ ಬಡಿದಳು.

“ರಿಪೇರಿಯವ್ರೇ, ಮೂವತ್ತೇಳು ಸಿಟ್ಟು! ನಮ್ಮನೆಯವ್ರು ನಿಮಗೇನ್ರೀ ಮಾಡಿದ್ರು?”

“ಬೆ... ಬೆರಳು ತಾಗ್ಬಿಟ್ಟಿರ್ಬೇಕು ಮೇಡಂ.”

“ಟೈರ್ ಬಿಚ್ಚೋದಕ್ಕೆ ಒಂದೂ ತಾಗಿಲ್ಲ. ನನ್ನ ಕರೆದಿದ್ದಕ್ಕೆಲ್ಲ ತಾಗಿದೆ!” ಅವಳ ಕಣ್ಣಂಚಿನಲ್ಲಿ ತುಂಟತನ ಇಣುಕಿತು. “ನಾಳೆ ನೆನಪಿನ ಪುಟ ಆದ್ರೆ ಇದೂ ಹಾಗೇ ಉಳಿಯುತ್ತೆ. ನಮ್ಮತ್ತೆಗೆ ಏನ್ ಹೇಳ್ಲಿ?”

“ಹೊಟ್ಟೆಕಿಚ್ಚು ಅಂತ ಹೇಳಿ,” ಎಂದುಬಿಟ್ಟ. “ಒಂದ್ಸಲ ನನ್ನ ಕಡೆ ತಿರುಗಿ ಹಾಗೆ ನಗ್ತೀರೇನೋ ಅಂತ ಎರಡು ತಿಂಗಳು ಕಾದೆ.”

ಅವಳು ಸ್ಟೂಲಿನಲ್ಲಿ ಕೂತಳು. ಚಿಮಟ ತಲೆ ತಗ್ಗಿಸಿ, ಒಂದೊಂದೇ ಸಿಟ್ಟು ತೆಗೆದು ಹೃದಯ ಒತ್ತತೊಡಗಿದ. ಟಿಣ್. ಟಿಣ್. ಟಿಣ್. ಮೂವತ್ತಾರಕ್ಕೆ ನಿಂತುಬಿಟ್ಟ.

“ಇನ್ನೊಂದು?”

“ಅದ್ರಲ್ಲಿ ಅವ್ರು ನಿಮ್ಮ ಕೈ ಹಿಡ್ಕೊಂಡಿದ್ದಾರೆ. ವಿಡಿಯೋ ಮುಗಿದ್ರೂ ಬಿಡೋದೇ ಇಲ್ಲ.”

ಅವಳು ಬಗ್ಗಿ ನೋಡಿದಳು. ಎರಡು ಸಲ ನೋಡಿದಳು. ಟೇಪಿನ ತುದಿಯಿಂದಲೇ ಕಣ್ಣೊರೆಸಿಕೊಂಡಳು.

“ಅದು ಎಡಗೈ ಕಣ್ರೀ,” ಎಂದು, ಸೂಜಿ ಹಿಡಿದು ಹಿಡಿದು ಒರಟಾಗಿದ್ದ ಬಲಗೈಯನ್ನು ಕೌಂಟರ್ ಮೇಲೆ ಚಾಚಿದಳು.

ಚಿಮಟ ಅದನ್ನು ಹಿಡಿದುಕೊಂಡ. ಉಳಿದ ಕೈಯಿಂದ ಮೂವತ್ತೇಳನೆಯದನ್ನು ಒತ್ತಿದ.

ಟಿಣ್.