ನೀಲಳಿಗೆ ಮೀನೆಣ್ಣೆ

"ರಾತ್ರಿ ಎಚ್ಚರ ಆಗತ್ತಾ, ಮಗು?" ಹಾಸನದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ನೀಲಳ ಊದಿದ ಮಂಡಿಯನ್ನು ಮೆಲ್ಲಗೆ ಒತ್ತುತ್ತ ಕೇಳಿದರು.

"ಮಗ್ಗುಲು ಬದಲಾಯಿಸ್ದಾಗೆಲ್ಲ. ಮಂಡಿ ಚುಚ್ತದೆ, ಎಚ್ರ ಆಯ್ತದೆ," ಎಂದಳು ನೀಲ. "ಎಲ್ರಿಗೂ ಅಂಗೇ ಅಲ್ವಾ?"

ಡಾಕ್ಟರಮ್ಮನ ಕೈ ನಿಂತುಬಿಟ್ಟಿತು. "ಇಲ್ಲಮ್ಮ. ಬೇರೆ ಮಕ್ಕಳು ಮಲಗಿದ್ರೆ ಬೆಳಗ್ಗೇನೇ ಏಳೋದು."

ನೀಲ ಬಾಯಿ ಬಿಟ್ಟುಕೊಂಡು ನೋಡಿದಳು. ಹಾಗಾದರೆ ಅವಳ ಗೆಳತಿಯರೆಲ್ಲ ಇಡೀ ರಾತ್ರಿ ಹಾಯಾಗಿ ನಿದ್ದೆ ಮಾಡುತ್ತಾರೆಯೇ? ಕ್ಲಾಸಿನಲ್ಲಿ ತಾನೊಬ್ಬಳೇ ತೂಕಡಿಸಿ ಮೇಷ್ಟ್ರಿಂದ ಬೈಸಿಕೊಳ್ಳುವುದು ಅದಕ್ಕೇನಾ?

ಪಕ್ಕದಲ್ಲಿ ನಿಂತಿದ್ದ ಅಜ್ಜಿ ಗುರುಸಿದ್ದಮ್ಮ ಅವಳ ಕಡೆ ಬಗ್ಗಿದಳು. "ನನ್ ಪಕ್ಕದಾಗೇ ಮಲಗ್ತೀಯಲ್ಲೇ! ಒಂದ್ ದಿನಾನಾದ್ರೂ ಯೋಳ್ಬಾರ್ದಿತ್ತಾ?"

"ನೀನು ಗೊರಕೆ ಒಡೀತಿದ್ದೆ ಅಜ್ಜಿ."

ಅಜ್ಜಿಯ ಮುಖ ಬಿಳಿಚಿಕೊಂಡಿತು.

"ಕೀಲುಬಾವು ಬೇಗ ವಾಸಿ ಆಗೋದಲ್ಲ," ಎಂದರು ಡಾಕ್ಟರಮ್ಮ. "ಮಾತ್ರೆ ಕೊಡ್ತೀನಿ. ಮೈಯಲ್ಲಿ ವಿಟಮಿನ್ನೂ ಕಮ್ಮಿ ಇರೋ ಹಾಗಿದೆ. ದಿನಾ ಬಿಸಿಲಲ್ಲಿ ಕೂರಿಸಿ. ಒಂದು ಚಮಚ ಮೀನೆಣ್ಣೆ ಕುಡಿಸಿ."

"ಮೀನಾ!" ಅಪ್ಪ ಚಂದ್ರಯ್ಯ ಹೌಹಾರಿದ. "ನಮ್ಮನೇಲಿ ಮೊಟ್ಟೇನೂ ಮುಟ್ಟಕ್ಕಿಲ್ಲ ಡಾಕ್ಟ್ರಮ್ಮ!"

ಅಜ್ಜಿ ಕೊರಳ ಲಿಂಗವನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಬಾಟ್ಲಿ ತಗೊಂಡು ಹೋಗಿ. ಮನೇಲಿ ಯೋಚನೆ ಮಾಡಿ," ಎಂದರು ಡಾಕ್ಟರಮ್ಮ.

ಕಾಂಪೌಂಡರ್ ಎಣ್ಣೆ ತುಂಬಿಸಿ ಬಿರಡೆ ಹಾಕಿಕೊಟ್ಟ. ಮೂವರೂ ಅರಕಲಗೂಡಿನ ಬಸ್ಸು ಹತ್ತಿದರು. ಮನೆ ತಲುಪಿದ ಮೇಲೆ ಅಪ್ಪ ಬಾಟ್ಲಿಯನ್ನು ಒಳಗೆ ತರಲಿಲ್ಲ, ಕೊಟ್ಟಿಗೆಯ ಗೂಡಿನಲ್ಲಿಟ್ಟ. ಸದ್ಯ, ಕುಡಿಯುವುದು ತಪ್ಪಿತು ಎಂದುಕೊಂಡಳು ನೀಲ.

ಮರುದಿನ ಬೆಳಗ್ಗೆ ಅವಳು ಜಗುಲಿಯ ಬಿಸಿಲಿನಲ್ಲಿ ಕಾಲು ಚಾಚಿ ಕೂತಿದ್ದಳು. ಅಜ್ಜಿ ಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಹಚ್ಚಿಕೊಂಡು ಕೊಟ್ಟಿಗೆ ಕಡೆಯಿಂದ ಬಂದಳು. ಒಂದು ಕೈಯಲ್ಲಿ ಚಮಚ, ಇನ್ನೊಂದರಲ್ಲಿ ಅದೇ ಬಾಟ್ಲಿ!

"ಅಜ್ಜೀ! ಅದನ್ನ ಮುಟ್ಬುಟ್ಟೆ ನೀನು!"

"ಊಂ ಕಣವ್ವ, ಮುಟ್ಟಿವ್ನಿ."

ಅಜ್ಜಿ ಚಮಚಕ್ಕೆ ಎಣ್ಣೆ ಬಗ್ಗಿಸಿದಳು. ನೀಲ ನೋಡನೋಡುತ್ತಿದ್ದಂತೆ ಬೆರಳದ್ದಿ ತನ್ನ ನಾಲಿಗೆಗೇ ಇಟ್ಟುಕೊಂಡಳು. ಬಾಗಿಲಲ್ಲಿ ನಿಂತಿದ್ದ ಅಪ್ಪ "ಅವ್ವಾ!" ಎಂದು ಕಿರುಚಿದ.

ಅಜ್ಜಿಯ ಮುಖ ಕಿವುಚಿಕೊಂಡಿತು, ಕಣ್ಣಲ್ಲಿ ನೀರು ಬಂತು. ಆದರೂ ಉಗುಳಲಿಲ್ಲ.

"ನಾನೇ ಮುಟ್ದೇ ಇರೋದ್ನ ಮಗೀಗೆ ಎಂಗ್ಲಾ ಕುಡಿ ಅನ್ಲಿ?" ಎಂದಳು ಅಪ್ಪನ ಕಡೆ ತಿರುಗಿ. ಆಮೇಲೆ ಚಮಚವನ್ನು ನೀಲಳ ಮುಂದೆ ಹಿಡಿದಳು. "ಭಾರಿ ಕೆಟ್ಟದಾಗಿ ಅದೆ ಕಣವ್ವ."

ಅಜ್ಜಿಯ ಕೈ ನಡುಗುತ್ತಿತ್ತು. ಎಣ್ಣೆ ಇನ್ನೇನು ತುಳುಕುವುದರಲ್ಲಿತ್ತು. ನೀಲ ಆ ಕೈಯನ್ನು ತನ್ನ ಎರಡೂ ಕೈಗಳಿಂದ ಅಲುಗದಂತೆ ಹಿಡಿದುಕೊಂಡು, ಬಾಯಿ ತೆರೆದಳು.